ವಾದ್ಯಸಂಗ್ರಹಾಲಯವೂ ಎಳೆಯರ ಸಂಗೀತಶಿಕ್ಷಣವೂ

೧

ಚಿತ್ರವನ್ನೋ ಶಿಲ್ಪವನ್ನೋ ಸಂಗ್ರಹಾಲಯದಲ್ಲಿ ಇರಿಸಿದರೆ ನೋಡಬಂದವನಿಗೆ ಆ ಕಲಾಕೃತಿಯೇ ದೊರೆಯುತ್ತದೆ. ಹೊಯ್ಸಳರ ಕಾಲದ ವಿಗ್ರಹವೊಂದು ತನ್ನ ದೇವಾಲಯದಿಂದ ದೂರವಾಗಿ ಪೀಠದ ಮೇಲೆ ಒಂಟಿಯಾಗಿ ನಿಂತಿದ್ದರೂ ಅದರ ಚೆಲುವಿನ ಬಹುಭಾಗ ಅದರೊಡನೆಯೇ ಬಂದಿರುತ್ತದೆ. ವೀಣೆಯ ವಿಷಯ ಹಾಗಲ್ಲ. ಗಾಜಿನ ಕಪಾಟಿನಲ್ಲಿರುವ ವೀಣೆ ಮರ, ಲೋಹ, ಮೇಣಗಳ ಒಂದು ಜೋಡಣೆಯೇ ಹೊರತು ಸಂಗೀತವಲ್ಲ. ಸಂಗೀತವು ನುಡಿಸುವ ಬೆರಳಿಗೂ ಕೇಳುವ ಕಿವಿಗೂ ನಡುವೆ ಹುಟ್ಟಿ, ನಾದವು ಅಡಗಿದೊಡನೆ ಇಲ್ಲವಾಗುವಂಥದು. ಹೀಗಿರುವಾಗ ಸಂಗೀತಕ್ಕೆ ವಸ್ತುಸಂಗ್ರಹಾಲಯ ಎಂಬ ಮಾತಿನ ಅರ್ಥವೇನು? ಅಂಥ ಸಂಸ್ಥೆಯಿಂದ ಸಂಗೀತವನ್ನು ಕಲಿಯುವ ಎಳೆಯರಿಗೆ ಆಗುವ ಪ್ರಯೋಜನ ಯಾವುದು, ಆಗಲಾರದ ಪ್ರಯೋಜನ ಯಾವುದು? ಈ ಪ್ರಶ್ನೆಗಳನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಲೇಖಕನು ವೃತ್ತಿಯಿಂದ ವೈಣಿಕ. ಆದುದರಿಂದ ಈ ಬರೆಹವನ್ನು ಸಂಗ್ರಹಾಲಯಶಾಸ್ತ್ರಜ್ಞನ ನಿರ್ಣಯವೆಂದು ವಾಚಕರು ಎಣಿಸಬಾರದು. ಪಾಠ ಹೇಳುವವನೊಬ್ಬನ ಅನುಭವವೆಂದು ಎಣಿಸಬೇಕು. ನಾನು ಪಾಠ ಹೇಳುವುದು ಹುಣಸಮಾರನಹಳ್ಳಿಯಲ್ಲಿ. ಈ ಊರು ಬೆಂಗಳೂರಿನ ಉತ್ತರಕ್ಕೆ, ಯಲಹಂಕವನ್ನು ದಾಟಿ ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆಯ ಮೇಲಿದೆ. ೧೯೮೬ರಲ್ಲಿ ಸ್ಥಾಪಿತವಾದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ತಾಂತ್ರಿಕ ವಿದ್ಯಾಸಂಸ್ಥೆ ಇಲ್ಲಿಯೇ ಇದೆ. ೨೦೦೮ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆದಮೇಲೆ ಈ ರಸ್ತೆಯ ಇಕ್ಕೆಲಗಳ ಊರುಗಳ ಸ್ವರೂಪವೇ ಬದಲಾಯಿತು. ನನ್ನ ಬಳಿಗೆ ಬರುವ ಮಕ್ಕಳಲ್ಲಿ ಹಲವರು ಹಾಡುಗಳನ್ನು ಕೇಳಿದ್ದಾರೆ. ಅವರು ಕೇಳಿದ ಹಾಡುಗಳ ಸಂಖ್ಯೆ ಅವರ ಅಜ್ಜಂದಿರು ಜನ್ಮದಲ್ಲಿ ಕೇಳಿದ್ದಕ್ಕಿಂತ ಹೆಚ್ಚಾಗಿರಬಹುದು. ಆದರೆ ಹಾಡುವ ಮನುಷ್ಯನನ್ನು ಮೂರು ಮಾರು ದೂರದಲ್ಲಿ ಕುಳಿತು ಕೇಳಿದವರು, ಮಿಡಿದ ತಂತಿಯ ಕಂಪನವನ್ನು ಬೆರಳಿನಲ್ಲಿ ಅರಿತವರು ವಿರಳ. ಈ ಕೊರತೆಯನ್ನು ತುಂಬಲು ಏನು ಮಾಡಬೇಕೆಂಬ ಚಿಂತೆಯೇ ನನ್ನನ್ನು ವಿದ್ಯಾರ್ಥಿಗಳೊಡನೆ ನಗರದ ಇನ್ನೊಂದು ತುದಿಯ ಸಂಗೀತ ಸಂಗ್ರಹಾಲಯಕ್ಕೆ ಕರೆದೊಯ್ದಿತು.

೨

ಆ ಸಂಗ್ರಹಾಲಯದ ವಿಚಾರಕ್ಕೆ ಬರುವ ಮುನ್ನ, ಇಂಥ ಸಂಸ್ಥೆಗಳು ಹುಟ್ಟಿದ ಬಗೆಯನ್ನು ಸಂಕ್ಷೇಪವಾಗಿ ನೋಡುವುದು ಯುಕ್ತ. ಜಗತ್ತಿನ ಪ್ರಸಿದ್ಧ ವಾದ್ಯಸಂಗ್ರಹಾಲಯಗಳಲ್ಲಿ ಒಂದು ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿದೆ. ಅದು ೧೮೭೭ರಲ್ಲಿ ಸ್ಥಾಪಿತವಾಯಿತು. ಅದರ ಮೊದಲ ಸಂಗ್ರಹ ಎರಡು ಮೂಲಗಳಿಂದ ಬಂದಿತು. ಒಂದು, ಸಂಗೀತ ವಿದ್ವಾಂಸನಾದ ಫೆತಿಸನ ಸಂಗ್ರಹ. ಇದನ್ನು ಬೆಲ್ಜಿಯಂ ಸರಕಾರವು ೧೮೭೨ರಲ್ಲಿ ಕೊಂಡಿತ್ತು. ಎರಡನೆಯದು ನಮ್ಮ ದೇಶದಿಂದಲೇ ಹೋದದ್ದು. ಕಲ್ಕತ್ತೆಯ ರಾಜಾ ಸೌರೀಂದ್ರಮೋಹನ ಠಾಕೂರರು ೧೮೭೬ರಲ್ಲಿ ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನಿಗೆ ಸುಮಾರು ನೂರು ಭಾರತೀಯ ವಾದ್ಯಗಳನ್ನು ಕಾಣಿಕೆಯಾಗಿ ಕಳುಹಿಸಿದ್ದರು.

ಈ ವೃತ್ತಾಂತದಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಬ್ರಸೆಲ್ಸಿನ ಸಂಗ್ರಹಾಲಯವನ್ನು ಆರಂಭದಲ್ಲಿ ಅಲ್ಲಿನ ರಾಜಕೀಯ ಸಂಗೀತ ವಿದ್ಯಾಶಾಲೆಗೆ ಸೇರಿಸಿದ್ದರು. ವಿದ್ಯಾರ್ಥಿಗಳಿಗೆ ಹಿಂದಿನ ಕಾಲದ ವಾದ್ಯಗಳನ್ನು ತೋರಿಸುವುದೇ ಅದರ ಉದ್ದೇಶವಾಗಿತ್ತು. ಇತ್ತ ವಾದ್ಯಗಳನ್ನು ದಾನಮಾಡಿದ ಸೌರೀಂದ್ರಮೋಹನರೂ ಕೇವಲ ಸಂಗ್ರಾಹಕರಲ್ಲ. ಕಾಣಿಕೆಗೆ ಐದು ವರ್ಷಗಳ ಹಿಂದೆ, ೧೮೭೧ರಲ್ಲಿ, ಅವರು ಕಲ್ಕತ್ತೆಯಲ್ಲಿ ಸಂಗೀತ ಪಾಠಶಾಲೆಯೊಂದನ್ನು ಸ್ಥಾಪಿಸಿದ್ದರು. ಎಂದರೆ ಕೊಟ್ಟವರ ಮನಸ್ಸಿನಲ್ಲಿಯೂ ಪಡೆದವರ ಮನಸ್ಸಿನಲ್ಲಿಯೂ ಸಂಗ್ರಹಾಲಯವೂ ಪಾಠಶಾಲೆಯೂ ಜೊತೆಯಾಗಿಯೇ ಇದ್ದವು. ಕುತೂಹಲಿಗಳ ನೋಟಕ್ಕೆಂದು ಮೊದಲು ಹುಟ್ಟಿ, ಶಿಕ್ಷಣದ ವಿಚಾರವನ್ನು ಬಳಿಕ ಅಂಟಿಸಿಕೊಂಡ ಸಂಸ್ಥೆ ಇದಲ್ಲ.

ಈ ಸಂಗ್ರಹದಿಂದ ಶಾಸ್ತ್ರಕ್ಕೂ ಒಂದು ಲಾಭವಾಯಿತು. ಬ್ರಸೆಲ್ಸಿನ ಸಂಗ್ರಹಾಲಯದ ಮೊದಲ ಪಾಲಕನಾದ ವಿಕ್ತೋರ್ ಮಾಯಿಯೋನನು ತನ್ನ ಮುಂದಿದ್ದ ವಾದ್ಯಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದನು: ತಾನೇ ಘನವಾಗಿದ್ದು ನಾದಗೊಡುವುವು, ಚರ್ಮದಿಂದ ನಾದಗೊಡುವುವು, ತಂತಿಯಿಂದ ನಾದಗೊಡುವುವು, ಗಾಳಿಯಿಂದ ನಾದಗೊಡುವುವು. ಭರತನ ನಾಟ್ಯಶಾಸ್ತ್ರವನ್ನು ಓದಿದವರಿಗೆ ಇದು ಹೊಸದಾಗಿ ತೋರದು. ತತ, ಅವನದ್ಧ, ಘನ, ಸುಷಿರ ಎಂಬ ನಾಲ್ಕು ಬಗೆಗಳನ್ನು ಆ ಗ್ರಂಥದ ಇಪ್ಪತ್ತೆಂಟನೆಯ ಅಧ್ಯಾಯವು ಹೇಳುತ್ತದೆ. ೧೯೧೪ರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಕುರ್ಟ್ ಸಾಕ್ಸ್ ಎಂಬ ವಿದ್ವಾಂಸರು ಮಾಯಿಯೋನನ ಕ್ರಮವನ್ನು ಬೆಳೆಸಿ ಪ್ರಕಟಿಸಿದ ವರ್ಗೀಕರಣವು ಇಂದಿಗೂ ಜಗತ್ತಿನ ಸಂಗ್ರಹಾಲಯಗಳಲ್ಲಿ ಬಳಕೆಯಲ್ಲಿದೆ. ನಮ್ಮ ತಮಟೆಯೂ ಆಫ್ರಿಕದ ಡೋಲೂ ಒಂದೇ ಕುಲಕ್ಕೆ ಸೇರಿದುವು, ಕೊಳಲಿಗೂ ಕಹಳೆಗೂ ಸಾಮಾನ್ಯವಾದುದೊಂದು ತತ್ತ್ವವಿದೆ ಎಂಬ ತಿಳಿವಳಿಕೆ ಎಲ್ಲವನ್ನೂ ಒಂದೆಡೆ ಇಟ್ಟು ನೋಡಿದಾಗಲೇ ಸ್ಪಷ್ಟವಾಗುವಂಥದು. ಒಬ್ಬ ಗುರುವಿನ ಮನೆಯಲ್ಲಿ ಒಂದೇ ವಾದ್ಯವನ್ನು ಹತ್ತು ವರ್ಷ ಕಲಿತವನಿಗೆ ಇದು ತಾನಾಗಿ ತಿಳಿಯಲಾರದು. ಇದು ಸಂಗ್ರಹಾಲಯವು ಕೊಡಬಲ್ಲ ಮೊದಲನೆಯ ಪ್ರಯೋಜನ.

೩

ಈಗ ನಮ್ಮ ನಗರದ ಸಂಸ್ಥೆಯನ್ನು ನೋಡೋಣ. ಬೆಂಗಳೂರಿನ ದಕ್ಷಿಣಭಾಗದಲ್ಲಿ, ಜಯಪ್ರಕಾಶನಗರದ ಏಳನೆಯ ಹಂತದಲ್ಲಿ, ‘ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್’ ಎಂಬ ಸಂಗೀತ ಸಂಗ್ರಹಾಲಯವಿದೆ. ಬ್ರಿಗೇಡ್ ಸಂಸ್ಥೆಯ ಎಂ. ಆರ್. ಜೈಶಂಕರ್ ಅವರ ಪ್ರೋತ್ಸಾಹದಿಂದ ಲಾಭೋದ್ದೇಶವಿಲ್ಲದ ವಿಶ್ವಸ್ತ ಮಂಡಲಿಯೊಂದು ಇದನ್ನು ಕಟ್ಟಿತು. ೨೦೧೯ರಲ್ಲಿ ಇದರ ವಿಧ್ಯುಕ್ತ ಆರಂಭವಾಯಿತು. ಹುಣಸಮಾರನಹಳ್ಳಿಯಿಂದ ಅಲ್ಲಿಗೆ ಮೂವತ್ತು ಕಿಲೋಮೀಟರಿಗೂ ಮಿಕ್ಕ ದಾರಿ; ನಗರವನ್ನು ಉತ್ತರದಿಂದ ದಕ್ಷಿಣಕ್ಕೆ ಪೂರ್ತಿಯಾಗಿ ಹಾಯಬೇಕು.

ಒಳಗೆ ಒಂಬತ್ತು ವಿಭಾಗಗಳಿವೆ. ಕರ್ನಾಟಕ ಮತ್ತು ಹಿಂದುಸ್ತಾನಿ ಪದ್ಧತಿಗಳ ಜೀವಂತ ಪರಂಪರೆಗೆ ಒಂದು, ಜನಪದ ಗೀತಗಳಿಗೆ ಒಂದು, ಸ್ವಾತಂತ್ರ್ಯ ಹೋರಾಟದ ಹಾಡುಗಳಿಗೆ ಒಂದು, ಚಲನಚಿತ್ರಗೀತಗಳಿಗೆ ಒಂದು, ಧ್ವನಿಮುದ್ರಣದ ಚರಿತ್ರೆಗೆ ಒಂದು, ಪ್ರಸಿದ್ಧ ಕಲಾವಿದರ ಸ್ಮರಣೆಗೆ ಒಂದು ಎಂಬಂತೆ ಇವು ಹಂಚಿಕೊಂಡಿವೆ. ವಾದ್ಯಗಳ ವಿಭಾಗದಲ್ಲಿ ನೂರಕ್ಕೂ ಹೆಚ್ಚು ವಾದ್ಯಗಳಿವೆ. ಕಲಾವಿದರ ವಿಭಾಗದಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನರ ಷಹನಾಯಿಯೂ ಉಂಟು. ಬರಿಯ ಫಲಕಗಳನ್ನು ಓದಿಸಿ ಕಳುಹಿಸದೆ, ಕಿವಿಗೆ ಶ್ರವಣಸಾಧನವನ್ನು ತೊಟ್ಟು ಕೇಳುವ, ಪರದೆಯನ್ನು ಮುಟ್ಟಿ ಆರಿಸಿಕೊಳ್ಳುವ ಏರ್ಪಾಡುಗಳಿವೆ. ಹೊರಗೆ ನಾದೋದ್ಯಾನವೊಂದಿದೆ, ಅಲ್ಲಿ ಕಲ್ಲು, ಲೋಹ, ಮರಗಳಿಂದ ರಚಿಸಿದ ನಾದಶಿಲ್ಪಗಳನ್ನು ಬಂದವರು ತಾವೇ ಬಡಿದು, ಉಜ್ಜಿ, ಮೀಟಿ ನುಡಿಸಬಹುದು. ಇವೆಲ್ಲದರ ಜೊತೆಗೆ ಸಂಗೀತ ಪಾಠಗಳನ್ನು ನಡೆಸುವ ಕಲಿಕೆಯ ಕೇಂದ್ರವೊಂದು ಇದೇ ಸಂಸ್ಥೆಯ ಅಂಗವಾಗಿದೆ.

ವೃತ್ತಿಗಾಯಕರೂ ವಾದಕರೂ ಇಂಥ ಸ್ಥಳವನ್ನು ಸಾಮಾನ್ಯವಾಗಿ ಸಂಶಯದಿಂದ ನೋಡುತ್ತಾರೆ. ನಾನೂ ಹಾಗೆಯೇ ಹೋದೆನು. ಆದರೆ ಧ್ವನಿಮುದ್ರಣದ ವಿಭಾಗವೊಂದೇ ನನ್ನ ಸಂಶಯವನ್ನು ಬಹುಮಟ್ಟಿಗೆ ಸಡಿಲಿಸಿತು. ೧೯೦೨ರಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಫ್ರೆಡ್ ಗೈಸ್‌ಬರ್ಗ್ ಎಂಬಾತನು ಕಲ್ಕತ್ತೆಯಲ್ಲಿ ಧ್ವನಿಮುದ್ರಿಸಿಕೊಂಡನು. ಅಂದಿನ ತಟ್ಟೆಯಲ್ಲಿ ಅಡಗುತ್ತಿದ್ದುದು ಸುಮಾರು ಮೂರು ನಿಮಿಷಗಳ ಹಾಡು. ಗಂಟೆಗಟ್ಟಲೆ ಬೆಳೆಸಬಲ್ಲ ರಾಗವನ್ನು ಗಾಯಕಿಯು ಮೂರು ನಿಮಿಷಗಳಿಗೆ ಇಳಿಸಬೇಕಾಯಿತು. ಹಾಡಿನ ಕೊನೆಯಲ್ಲಿ ಅವರು ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದುದು ಪ್ರಸಿದ್ಧವಾಗಿದೆ. ಜರ್ಮನಿಯಲ್ಲಿ ತಟ್ಟೆಗಳನ್ನು ಒತ್ತುವವರಿಗೆ ಇದು ಯಾರ ಹಾಡೆಂದು ತಿಳಿಯಲು ಅದು ನೆರವಾಗುತ್ತಿತ್ತು. ಈ ಗಾಯಕಿಯ ಕೊನೆಯ ದಿನಗಳು ಕಳೆದುದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವನ್ನು ಪಡೆದು ೧೯೨೮ರಲ್ಲಿ ಅಲ್ಲಿಗೆ ಬಂದ ಅವರು ೧೯೩೦ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಇಂದಿನ ವಿದ್ಯಾರ್ಥಿಗೆ ಮೂರು ನಾಲ್ಕು ನಿಮಿಷಗಳ ಹಾಡು ಸಹಜವೆನಿಸುತ್ತದೆ. ಆ ಅಳತೆಯು ಸಂಗೀತದ ಸ್ವಭಾವದಿಂದ ಬಂದುದಲ್ಲ, ಒಂದು ಯಂತ್ರದ ಮಿತಿಯಿಂದ ಬಂದುದು ಎಂದು ತಿಳಿದಾಗ ಅವನು ತನ್ನ ಅಭಿರುಚಿಯನ್ನೇ ಪರೀಕ್ಷಿಸಿಕೊಳ್ಳಲು ಕಲಿಯುತ್ತಾನೆ. ಇದು ಸಂಗ್ರಹಾಲಯದ ಎರಡನೆಯ ಪ್ರಯೋಜನ: ನಾವು ಕೇಳುವ ರೀತಿಗೂ ಒಂದು ಚರಿತ್ರೆಯಿದೆ ಎಂಬ ಅರಿವು.

೪

ಮೂರನೆಯ ಪ್ರಯೋಜನವು ಸಂಗ್ರಹಾಲಯದಲ್ಲಿ ಆರಂಭವಾಗಿ ಅದರ ಹೊರಗೆ ಪೂರ್ಣವಾಗುವಂಥದು. ವಾದ್ಯವು ಏಕೆ ಹೀಗಿದೆ ಎಂಬ ಪ್ರಶ್ನೆಯನ್ನು ಅದು ಎಬ್ಬಿಸುತ್ತದೆ. ಸಂಗೀತ ವಿದ್ಯಾರ್ಥಿಗಳಲ್ಲದೆ ವಿಜ್ಞಾನದ ವಿದ್ಯಾರ್ಥಿಗಳಿಗೂ ಇದು ಉಪಯುಕ್ತವಾದುದರಿಂದ ಎರಡು ಮೂರು ನಿದರ್ಶನಗಳನ್ನು ಸ್ವಲ್ಪ ವಿಸ್ತಾರವಾಗಿ ಕೊಡುತ್ತೇನೆ.

ವೀಣೆಯ ದಂಡಿಯ ಮೇಲೆ ಇಪ್ಪತ್ತನಾಲ್ಕು ಮೆಟ್ಟಿಲುಗಳಿವೆ. ಒಂದು ಸ್ಥಾಯಿಗೆ ಹನ್ನೆರಡರಂತೆ ಎರಡು ಸ್ಥಾಯಿ. ಮೇಲಕ್ಕೆ ಹೋದಂತೆ ಮೆಟ್ಟಿಲುಗಳ ನಡುವಣ ಅಂತರ ಕಿರಿದಾಗುವುದನ್ನು ಮಗುವೂ ಕಾಣಬಲ್ಲುದು. ಮಿಡಿಯುವ ತಂತಿಯು ೩೬ ಅಂಗುಲ ಉದ್ದವಿದೆಯೆಂದು ಭಾವಿಸೋಣ. ಅದನ್ನು ಅರ್ಧಕ್ಕೆ ಇಳಿಸಿ ೧೮ ಅಂಗುಲ ಮಾಡಿದರೆ ಮೇಲಿನ ಷಡ್ಜ. ೨೪ ಅಂಗುಲ ಉಳಿಸಿದರೆ ಪಂಚಮ. ೨೭ ಅಂಗುಲ ಉಳಿಸಿದರೆ ಶುದ್ಧ ಮಧ್ಯಮ. ಎರಡಕ್ಕೆ ಒಂದು, ಮೂರಕ್ಕೆ ಎರಡು, ನಾಲ್ಕಕ್ಕೆ ಮೂರು ಎಂಬ ಸರಳ ಪ್ರಮಾಣಗಳೇ ಈ ಸ್ವರಗಳ ಹೊಂದಾಣಿಕೆಗೆ ಮೂಲ. ಆದರೆ ಮೇಳ ಕಟ್ಟುವ ಕುಶಲಿಯು ಅಳತೆಗೋಲನ್ನು ಮಾತ್ರ ನಂಬುವುದಿಲ್ಲ. ಒತ್ತಿದಾಗ ತಂತಿ ತುಸು ಬಿಗಿಯಾಗುವುದರಿಂದ ಸ್ವರವೂ ತುಸು ಏರುತ್ತದೆ. ಆದುದರಿಂದ ಅವನು ಮೇಣವನ್ನು ಮೆದುಮಾಡಿ, ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸಿ, ಕಿವಿಯಿಂದ ಸ್ಥಾನವನ್ನು ನಿಶ್ಚಯಿಸುತ್ತಾನೆ. ಗಣಿತವು ಎಲ್ಲಿಯವರೆಗೆ ಬರುತ್ತದೆ, ಕಿವಿಯ ಅಧಿಕಾರ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ಬೇರೆಯಿಲ್ಲ.

ತಂಬೂರಿಯದು ಇನ್ನೂ ಸ್ವಾರಸ್ಯವಾದ ವಿಷಯ. ಅದರ ಕುದುರೆಯ ಮೇಲ್ಮೈ ಚೂಪಾಗಿರದೆ ಕೊಂಚ ಬಾಗಿದ ಹಲಗೆಯಂತಿರುತ್ತದೆ. ತಂತಿಗೂ ಕುದುರೆಗೂ ನಡುವೆ ಜೀವಾಳವೆಂಬ ಒಂದೆಳೆಯ ದಾರವಿರುತ್ತದೆ. ದಾರವನ್ನು ತಕ್ಕ ಸ್ಥಾನಕ್ಕೆ ಸರಿಸಿದೊಡನೆ ಮಂಕಾಗಿದ್ದ ತಂತಿಯು ಝೇಂಕರಿಸತೊಡಗುತ್ತದೆ. ಒಂದು ತಂತಿಯ ನಾದದೊಳಗೆ ಅದರ ಅನುರಣನ ಸ್ವರಗಳು ಒಂದೊಂದಾಗಿ ತಲೆಯೆತ್ತುತ್ತವೆ. ಚೆನ್ನಾಗಿ ಶ್ರುತಿಮಾಡಿದ ತಂಬೂರಿಯಲ್ಲಿ ಯಾವ ತಂತಿಗೂ ಕೂಡಿಸದ ಅಂತರಗಾಂಧಾರವು ತಾನಾಗಿ ಕೇಳಿಬರುವುದು ಈ ಕಾರಣದಿಂದಲೇ. ಅದು ಮಂದ್ರಷಡ್ಜದ ಐದನೆಯ ಅಂಶಸ್ವರ.

ಈ ವಿಷಯವನ್ನು ಶಾಸ್ತ್ರೀಯವಾಗಿ ಪರಿಶೋಧಿಸಿದವರು ಚಂದ್ರಶೇಖರ ವೆಂಕಟರಾಮನ್ ಅವರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಅಂಶಸ್ವರಗಳು ಕೇಳಿಸಕೂಡದೆಂಬುದು ಐರೋಪ್ಯ ಶಾಸ್ತ್ರಜ್ಞರು ಹೇಳಿದ್ದ ನಿಯಮ. ತಂಬೂರಿ ಮತ್ತು ವೀಣೆಗಳಲ್ಲಿ ಅವು ಕೇಳಿಸುತ್ತವೆಂದೂ ಅದಕ್ಕೆ ಕುದುರೆಯ ವಿಶೇಷ ರಚನೆಯೇ ಕಾರಣವೆಂದೂ ರಾಮನ್ ಅವರು ೧೯೨೧ರ ಲೇಖನದಲ್ಲಿ ತೋರಿಸಿಕೊಟ್ಟರು. ಅದಕ್ಕೆ ಮೊದಲು, ೧೯೨೦ರಲ್ಲಿ, ಶಿವಕಾಳಿ ಕುಮಾರರೊಡನೆ ಸೇರಿ ಮೃದಂಗದ ಗುಟ್ಟನ್ನು ಬಿಡಿಸಿದ್ದರು. ೧೯೩೪ರಲ್ಲಿ ಅದೇ ವಿಷಯವನ್ನು ಮತ್ತಷ್ಟು ವಿಸ್ತರಿಸಿದರು. ಸಾಮಾನ್ಯವಾದ ಚರ್ಮದ ಹೊದಿಕೆಯಿಂದ ಹೊರಡುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಆದುದರಿಂದಲೇ ಬಹುತೇಕ ಚರ್ಮವಾದ್ಯಗಳಲ್ಲಿ ಸದ್ದಿದೆ, ಸ್ಪಷ್ಟವಾದ ಶ್ರುತಿಯಿಲ್ಲ. ಮೃದಂಗದ ಬಲಂತಲೆಯ ನಡುವೆ ಪದರ ಪದರವಾಗಿ ಹಚ್ಚಿದ ಕಪ್ಪು ಕರಣೆಯು ಚರ್ಮದ ತೂಕವನ್ನು ಮಾರ್ಪಡಿಸಿ, ಅದರ ಒಂಬತ್ತು ಕಂಪನರೀತಿಗಳು ಐದು ಹೊಂದಾಣಿಕೆಯ ಸ್ವರಗಳಾಗಿ ಕೂಡುವಂತೆ ಮಾಡುತ್ತದೆ. ಹೆಸರು ಉಳಿಯದ ಯಾವನೋ ಚರ್ಮಕುಶಲಿಯು ಕೈಯಿಂದಲೂ ಕಿವಿಯಿಂದಲೂ ಸಾಧಿಸಿದ್ದನ್ನು ವಿಜ್ಞಾನವು ಬಹುಕಾಲದ ಮೇಲೆ ವಿವರಿಸಿತು.

ರಾಮನ್ ಅವರು ೧೯೩೩ರಲ್ಲಿ ಬೆಂಗಳೂರಿಗೆ ಬಂದರು; ೧೯೪೮ರಲ್ಲಿ ಅವರು ಸ್ಥಾಪಿಸಿದ ಸಂಶೋಧನ ಸಂಸ್ಥೆಯು ಮೇಖ್ರಿ ವೃತ್ತದ ಬಳಿ ಇದೆ. ಹುಣಸಮಾರನಹಳ್ಳಿಯಿಂದ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳವನ್ನು ದಾಟಿ ನಗರಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳು ದಿನವೂ ಅದರ ಸಮೀಪದಲ್ಲಿಯೇ ಹಾದುಹೋಗುತ್ತಾರೆ. ಬೆಳಕಿನ ಚದರಿಕೆಯ ಸಂಬಂಧದಲ್ಲಿ ಅವರ ಹೆಸರನ್ನು ಎಲ್ಲರೂ ಬಲ್ಲರು; ಮೃದಂಗದ ಸಂಬಂಧದಲ್ಲಿ ಬಲ್ಲವರು ಕಡಿಮೆ.

೫

ಇಷ್ಟು ಪ್ರಯೋಜನಗಳನ್ನು ಹೇಳಿದಮೇಲೆ ಸಂಗ್ರಹಾಲಯದ ಮಿತಿಯನ್ನೂ ಹೇಳುವುದು ನ್ಯಾಯ. ನನ್ನೊಡನೆ ಬಂದಿದ್ದ ಒಬ್ಬ ಹುಡುಗಿ ವಾದ್ಯಗಳ ವಿಭಾಗದಲ್ಲಿ ಬಹಳ ಹೊತ್ತು ನಿಂತಿದ್ದು, "ಮೇಷ್ಟ್ರೇ, ಇವನ್ನೆಲ್ಲ ಈಗ ಯಾರು ನುಡಿಸುತ್ತಾರೆ?" ಎಂದು ಕೇಳಿದಳು. ಕೆಲವಕ್ಕೆ ನಾನು ಉತ್ತರ ಹೇಳಿದೆನು. ಕೆಲವಕ್ಕೆ ಹೇಳಲಾರದೆ ಹೋದೆನು. ಅವಳ ಪ್ರಶ್ನೆಯಲ್ಲಿ ಈ ಲೇಖನದ ವಿಷಯವೆಲ್ಲ ಅಡಗಿದೆ. ಸಂಗ್ರಹಾಲಯವು ವಾದ್ಯವನ್ನು ಗೆದ್ದಲಿನಿಂದ ಕಾಪಾಡಬಲ್ಲುದು, ಮರೆವಿನಿಂದ ಕಾಪಾಡಲಾರದು. ವಾದ್ಯವನ್ನು ಮರೆವಿನಿಂದ ಕಾಪಾಡುವವನು ನುಡಿಸುವವನೊಬ್ಬನೇ.

ನುಡಿಸುವವನು ತಯಾರಾಗುವ ಬಗೆಯೇ ಬೇರೆ. ಪುರಂದರದಾಸರಿಂದ ಬಂದುದೆಂದು ಸಂಪ್ರದಾಯವು ಹೇಳುವ ಕ್ರಮದಂತೆ ನಮ್ಮ ವಿದ್ಯಾರ್ಥಿಯು ಮಾಯಾಮಾಳವಗೌಳದ ಸರಳೆಯಿಂದ ಆರಂಭಿಸುತ್ತಾನೆ. ಜಂಟಿವರಿಸೆ, ಅಲಂಕಾರ, ಗೀತೆ, ವರ್ಣಗಳನ್ನು ದಾಟಿ ಕೃತಿಗೆ ಬರುತ್ತಾನೆ. ಇದರಲ್ಲಿ ಬೆರಗಿಗೆ ಎಡೆಯಿಲ್ಲ. ಒಂದೇ ವರಿಸೆಯನ್ನು ಮೂರು ಕಾಲಗಳಲ್ಲಿ ನೂರು ಸಲ ನುಡಿಸುವ ಬೇಸರವುಂಟು. ಆ ಬೇಸರವನ್ನು ದಾಟಿಸುವವನೇ ಗುರು. ತಪ್ಪಿದ ಗಮಕವನ್ನು ಯಾವ ಪರದೆಯೂ ತಡೆದು ನಿಲ್ಲಿಸಿ ತಿದ್ದುವುದಿಲ್ಲ.

ಈ ಮಾತಿಗೆ ನಮ್ಮ ನಾಡಿನಲ್ಲಿಯೇ ಪ್ರಬಲವಾದ ನಿದರ್ಶನವಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ (೧೮೯೨–೧೯೪೪) ಅವರ ತರುವಾಯ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಅಂಧರಿಗೂ ಬಡಮಕ್ಕಳಿಗೂ ಅನ್ನ ವಸತಿಗಳನ್ನಿತ್ತು ಸಂಗೀತವನ್ನು ಕಲಿಸಿದರು. ಗುರುಗಳಿಬ್ಬರೂ ದೃಷ್ಟಿಹೀನರು, ಶಿಷ್ಯರಲ್ಲಿ ಹಲವರು ದೃಷ್ಟಿಹೀನರು. ಅಲ್ಲಿ ಪ್ರದರ್ಶನಕ್ಕೆ ಅರ್ಥವೇ ಇರಲಿಲ್ಲ. ಕಿವಿ, ಬೆರಳು, ನೆನಪು ಎಂಬ ಮೂರೇ ಸಾಧನಗಳಿಂದ ಅಲ್ಲಿ ಸಂಗೀತವು ಒಬ್ಬರಿಂದ ಒಬ್ಬರಿಗೆ ದಾಟಿತು. ಬಸವರಾಜ ರಾಜಗುರುಗಳಂಥ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯಪರಂಪರೆಯಿಂದ ಬಂದರು. ನೋಡುವ ಸೌಕರ್ಯವಿಲ್ಲದೆಯೂ ಸಂಗೀತಶಿಕ್ಷಣವು ಪೂರ್ಣವಾಗಬಲ್ಲುದು. ಕೇಳುವ ಅಭ್ಯಾಸವಿಲ್ಲದೆ ಅದು ಆರಂಭವೇ ಆಗಲಾರದು.

ಇನ್ನೊಂದು ಮಿತಿಯನ್ನೂ ಹೇಳಬೇಕು. ಶ್ರವಣಸಾಧನವನ್ನು ತೊಟ್ಟವನು ಒಂಟಿಯಾಗಿ ಕೇಳುತ್ತಾನೆ. ಸಭೆಯಲ್ಲಾದರೋ ಪಕ್ಕದವನ ತಲೆದೂಗು, ತಾಳ ಹಾಕುವ ಕೈ, ಒಳ್ಳೆಯ ಸಂಗತಿಗೆ ತಾನಾಗಿ ಹೊರಡುವ ಉದ್ಗಾರ ಇವೆಲ್ಲ ಹೊಸಬನಿಗೆ ಮೌನವಾದ ಪಾಠಗಳು. ೧೯೦೫ರಿಂದ ನಡೆದುಬಂದಿರುವ ಬೆಂಗಳೂರು ಗಾಯನ ಸಮಾಜದಂಥ ಸಭೆಗಳು ತಲೆಮಾರುಗಳ ಕೇಳುಗರನ್ನು ತಯಾರಿಸಿದುದು ಈ ರೀತಿಯಲ್ಲಿಯೇ. ಕಿರಣ್ ಸೇಠ್ ಅವರು ೧೯೭೭ರಲ್ಲಿ ದೆಹಲಿಯ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಆರಂಭಿಸಿದ ಸ್ಪಿಕ್ ಮೆಕೆ ಚಳವಳಿಯು ಕಲಾವಿದರನ್ನೇ ವಿದ್ಯಾಲಯಗಳಿಗೆ ಕರೆತಂದುದರ ಮರ್ಮವೂ ಇದೇ.

೬

ಸಂಗೀತಶಿಕ್ಷಣದ ಚರ್ಚೆಗಳಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಮೂರನೆಯ ವ್ಯಕ್ತಿಯೊಬ್ಬನಿದ್ದಾನೆ. ಗುರುಶಿಷ್ಯರನ್ನು ಬಿಟ್ಟರೆ ಉಳಿಯುವವನು ವಾದ್ಯವನ್ನು ಮಾಡುವವನು. ಬೆಂಗಳೂರಿನ ಉತ್ತರಭಾಗದಲ್ಲಿರುವ ನಮಗೆ ಈ ವಿಷಯದಲ್ಲಿ ಒಂದು ಭಾಗ್ಯವಿದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರವು ವೀಣೆಯ ಊರೆಂದೇ ಹೆಸರಾಗಿದೆ. ಪೆನ್ನ ಓಬಳಯ್ಯನವರು ಆ ಊರಿನಲ್ಲಿ ಬೇರೂರಿಸಿದ ಕಸುಬನ್ನು ಅಲ್ಲಿನ ಕುಟುಂಬಗಳು ನಡೆಸಿಕೊಂಡುಬಂದಿವೆ. ಹಲಸಿನ ಮರದ ದಿಮ್ಮಿಯನ್ನು ಆರಿಸಿ, ಒಣಗಿಸಿ, ಕೊಡವನ್ನು ತೋಡಿ, ದಂಡಿಯನ್ನು ಕೂಡಿಸಿ, ಬಿರಡೆಗಳನ್ನು ಹೊಂದಿಸುವವರೆಗಿನ ಕೆಲಸ ಕೈಗೆಲಸ. ಕೊಡದ ಗೋಡೆ ದಪ್ಪವಾದರೆ ನಾದ ಮುಚ್ಚಿಹೋಗುತ್ತದೆ, ತೆಳುವಾದರೆ ಬಾಳಿಕೆಯಿಲ್ಲ. ಎಷ್ಟು ಸಾಕೆಂಬುದನ್ನು ಬೆರಳಿನಿಂದ ತಟ್ಟಿ ಕೇಳಿ ತಿಳಿಯುವ ಜ್ಞಾನವನ್ನು ಯಾವ ಕಪಾಟಿನಲ್ಲಿಯೂ ಇಡಲಾಗದು.

ಈ ಜ್ಞಾನವು ಉಳಿಯುವುದು ವೀಣೆಯನ್ನು ಕೊಳ್ಳುವವರಿದ್ದರೆ, ಕೊಳ್ಳುವವರಿರುವುದು ಕಲಿಯುವವರಿದ್ದರೆ. ಇಂದಿನ ವಿದ್ಯಾರ್ಥಿಗಳಲ್ಲಿ ಬಹುಮಂದಿಯ ಒಲವು ಕೀಬೋರ್ಡು, ಗಿಟಾರುಗಳ ಕಡೆಗಿದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಪಿಟೀಲೂ ಒಂದು ಕಾಲದಲ್ಲಿ ಪರದೇಶದಿಂದ ಬಂದು ನಮ್ಮದಾದ ವಾದ್ಯವೇ, ಅದಕ್ಕೆ ಏಳು ತಂತಿಗಳನ್ನು ಕಟ್ಟಿ ಮೆರೆಸಿದ ಚೌಡಯ್ಯನವರು ನಮ್ಮವರೇ. ತಂಬೂರಿಯ ಸ್ಥಾನಕ್ಕೆ ವಿದ್ಯುನ್ಮಾನ ಶ್ರುತಿಯಂತ್ರವು ಬಂದಿದೆ, ಬೆಂಗಳೂರಿನ ಜಿ. ರಾಜನಾರಾಯಣರ ಯಂತ್ರಗಳು ತಂಬೂರಿಯನ್ನು ಕೊಳ್ಳಲಾರದ, ಹೊರಲಾರದ ಸಾವಿರಾರು ವಿದ್ಯಾರ್ಥಿಗಳಿಗೆ ಉಪಕಾರವನ್ನೇ ಮಾಡಿವೆ. ನನ್ನ ಪಾಠದ ಕೋಣೆಯಲ್ಲಿಯೂ ಅಂಥ ಯಂತ್ರವುಂಟು. ಆದರೆ ಯಂತ್ರದ ಗುಂಡಿಯನ್ನು ಮಾತ್ರ ಬಲ್ಲ ವಿದ್ಯಾರ್ಥಿಗೆ ಜೀವಾಳದ ದಾರವನ್ನು ಸರಿಸಿ ನಾದವನ್ನು ಎಬ್ಬಿಸುವ ಅನುಭವ ದೊರೆಯುವುದಿಲ್ಲ. ಶ್ರುತಿಯೆಂದರೆ ಹುಡುಕಿ ಪಡೆಯುವಂಥದು ಎಂಬ ಅರಿವೂ ಹುಟ್ಟುವುದಿಲ್ಲ. ಮಾಡುವವರೂ ಕಲಿಯುವವರೂ ಕಡಿಮೆಯಾಗುತ್ತ ಬಂದರೆ ಒಂದು ದಿನ ಸಂಗ್ರಹಾಲಯವೇ ವೀಣೆಯ ಕೊನೆಯ ಮನೆಯಾದೀತು. ಅಂಥ ದಿನ ಬಾರದಂತೆ ನೋಡಿಕೊಳ್ಳುವುದೇ ಒಳ್ಳೆಯ ಸಂಗ್ರಹಾಲಯದ ಧರ್ಮ.

ಜನಪದ ವಾದ್ಯಗಳಿಗೂ ಈ ಮಾತು ಸಲ್ಲುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವೂ, ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವೂ ಅನೇಕ ವಾದ್ಯಗಳನ್ನು ನಾಶದಿಂದ ಉಳಿಸಿವೆ. ಜಾನಪದ ಲೋಕದಲ್ಲಿ ಕಲಾವಿದರನ್ನೇ ಕರೆಸಿ ನುಡಿಸಿ ಕುಣಿಸುವ ಪದ್ಧತಿಯಿರುವುದು ವಿಶೇಷವಾಗಿ ಗಮನಾರ್ಹ. ವಾದ್ಯದ ಜೊತೆಗೆ ವಾದಕನಿಗೂ ಅಲ್ಲಿ ಸ್ಥಾನವುಂಟು.

೭

ಕೊನೆಯಲ್ಲಿ, ಕಾಲೇಜುಗಳ ಅಧ್ಯಾಪಕರ ಪರಿಶೀಲನೆಗಾಗಿ ಕೆಲವು ಸೂಚನೆಗಳನ್ನು ಮುಂದಿಡುತ್ತೇನೆ. ಇವು ನನ್ನ ಅಲ್ಪ ಅನುಭವದಿಂದ ಹೊಳೆದುವು.

ಮೊದಲನೆಯದು, ಸಂಗ್ರಹಾಲಯಕ್ಕೆ ಹೋಗುವ ಮುನ್ನ ವಿದ್ಯಾರ್ಥಿಗಳ ಕಿವಿಯನ್ನು ಸಿದ್ಧಪಡಿಸಬೇಕು. ಒಂದು ವಾರ, ದಿನಕ್ಕೆ ಹತ್ತು ನಿಮಿಷ, ಒಂದು ಶ್ರುತಿಗೆ ಸೇರಿ ಷಡ್ಜ ಪಂಚಮಗಳನ್ನು ಹಾಡಿಸಿದರೆ ಸಾಕು. ಹಾಗೆ ಹೋದವನು ನಾದೋದ್ಯಾನದ ಕಲ್ಲನ್ನು ತಟ್ಟಿದಾಗ ಅದರ ಸ್ವರವನ್ನು ಹುಡುಕುತ್ತಾನೆ. ಹಾಗೆ ಹೋಗದವನು ಸದ್ದುಮಾಡಿ ನಗುತ್ತಾನೆ.

ಎರಡನೆಯದು, ಒಂದೇ ದಿನದಲ್ಲಿ ಒಂಬತ್ತು ವಿಭಾಗಗಳನ್ನೂ ನೋಡಿ ಮುಗಿಸುವ ಆತುರ ಬೇಡ. ದೂರದಿಂದ ಬಂದೆವೆಂಬ ಕಾರಣಕ್ಕೆ ನಾವು ಮೊದಲ ಸಲ ಹಾಗೆ ಮಾಡಿ, ಮನೆಗೆ ಬರುವಷ್ಟರಲ್ಲಿ ಮುಕ್ಕಾಲುಪಾಲನ್ನು ಮರೆತಿದ್ದೆವು. ಎರಡು ವಿಭಾಗಗಳನ್ನು ಆರಿಸಿಕೊಂಡು, ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ವಾದ್ಯದ ಮುಂದೆ ಅರ್ಧ ಗಂಟೆ ನಿಂತು, ಅದು ಯಾವ ವರ್ಗದ್ದು, ಯಾವುದರಿಂದ ಮಾಡಿದ್ದು, ನಾದವು ಎಲ್ಲಿ ಹುಟ್ಟಿ ಎಲ್ಲಿ ಬೆಳೆಯುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಬರೆಯುವುದು ಲೇಸು.

ಮೂರನೆಯದು, ಹಿಂದಿರುಗಿದಮೇಲೆ ನೆನಪು ಆರುವ ಮುನ್ನ ಅದೇ ವಾದ್ಯವನ್ನು ಬಲ್ಲ ಕಲಾವಿದರೊಬ್ಬರನ್ನು ಕಾಲೇಜಿಗೆ ಕರೆಸಬೇಕು. ಸಾಧ್ಯವಾದರೆ ಸಿಂಪಾಡಿಪುರದಂಥ ಊರಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯಬೇಕು. ಭೌತಶಾಸ್ತ್ರದ ಅಧ್ಯಾಪಕರು ಇದರಲ್ಲಿ ಸೇರಿದರೆ ತಂಬೂರಿಯ ಕುದುರೆಯೂ ಮೃದಂಗದ ಕರಣೆಯೂ ಪ್ರಯೋಗಶಾಲೆಗೆ ಬಂದಾವು. ತಂತಿಯನ್ನು ಸರಿಯಾಗಿ ನಡುವೆ ಮೀಟಿ ಮೇಲಿನ ಷಡ್ಜವು ಕೇಳಿಸುತ್ತದೆಯೇ ಎಂದು ಪರೀಕ್ಷಿಸುವುದಕ್ಕೆ ಬೆಲೆಬಾಳುವ ಉಪಕರಣಗಳಾವುವೂ ಬೇಡ. ಒಂದು ತಂಬೂರಿ, ಒಂದೆಳೆ ದಾರ, ನಿಶ್ಶಬ್ದವಾದ ಕೋಣೆ ಸಾಕು.

ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಸಂಗೀತ ಪರೀಕ್ಷೆಗಳು ಬಹುಕಾಲದಿಂದ ನಡೆದುಬಂದಿವೆ. ಅವುಗಳಿಗೆ ಕುಳಿತವರ ಸಂಖ್ಯೆ ಅಲ್ಪವಲ್ಲ. ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾದವರೆಲ್ಲರೂ ವಾದಕರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಒಳ್ಳೆಯ ಕೇಳುಗನಾಗುವುದೂ ವಿದ್ಯೆಯ ಫಲವೇ. ಹತ್ತು ಮಂದಿ ವಿದ್ಯಾರ್ಥಿಗಳು ಸಂಗ್ರಹಾಲಯಕ್ಕೆ ಹೋದರೆ ಒಂಬತ್ತು ಮಂದಿ ಕೇಳುಗರಾಗಿ, ಒಬ್ಬನು ವಾದ್ಯವನ್ನು ಕೈಗೆತ್ತಿಕೊಂಡರೆ, ಆ ಸಂಸ್ಥೆಯ ಶ್ರಮ ಸಾರ್ಥಕವಾಯಿತೆಂದೇ ತಿಳಿಯಬೇಕು.

ನಾನು ಮೇಲೆ ಹೇಳಿದ ಹುಡುಗಿ ಈಗ ವಾರಕ್ಕೆ ಎರಡು ದಿನ ವೀಣೆಯ ಪಾಠಕ್ಕೆ ಬರುತ್ತಿದ್ದಾಳೆ. ಜಂಟಿವರಿಸೆಯಲ್ಲಿದ್ದಾಳೆ; ಎರಡನೆಯ ಕಾಲದಲ್ಲಿ ಕೈ ಇನ್ನೂ ತಡವರಿಸುತ್ತದೆ. ಪಾಠ ಮುಗಿದಮೇಲೆ ಯಂತ್ರವನ್ನು ನಿಲ್ಲಿಸಿ ಮೂಲೆಯಲ್ಲಿರುವ ಹಳೆಯ ತಂಬೂರಿಯನ್ನು ಎತ್ತಿಕೊಂಡು, ಜೀವಾಳದ ದಾರವನ್ನು ಅತ್ತಿತ್ತ ಸರಿಸುತ್ತ ಕಿವಿಗೊಟ್ಟು ಕೂರುವುದು ಅವಳಿಗೆ ಅಭ್ಯಾಸವಾಗಿದೆ. ಗಾಂಧಾರವು ಕೇಳಿಸಿದ ದಿನ ಹೇಳುತ್ತಾಳೆ. ಕೇಳಿಸದ ದಿನ ಸುಮ್ಮನೆ ಹೋಗುತ್ತಾಳೆ.